ವಜ್ರದ ಕಟ್ ನೋಡೋದು ಹೇಗೆ? ಮೊದಲು ಕಲ್ಲನ್ನು ಅಂಗಡಿ ಲೈಟಿನಿಂದ ಆಚೆ ತನ್ನಿ

ಕಾಫಿ ದುಡ್ಡು ಕೈಗೆ ಬರುವ ಹೊತ್ತಿಗೆ ಮದುವೆ ಸೀಸನ್ನೂ ಬಂದಿರುತ್ತದೆ. ಆಗ ಚಿಕ್ಕಮಗಳೂರಿನ ಎಂ.ಜಿ. ರಸ್ತೆಯ ಯಾವ ಒಡವೆ ಅಂಗಡಿಯಲ್ಲಿ ಕೂತರೂ ಅದೇ ಪ್ರಶ್ನೆಗಳು ಕಿವಿಗೆ ಬೀಳುತ್ತವೆ. ಎಷ್ಟು ಸೆಂಟು? ಕಲರ್ ಏನು? ಒಳಗೆ ಚುಕ್ಕೆ ಇಲ್ಲ ತಾನೇ? ಕೊನೆಗೆ, ಎಷ್ಟು ಬಿಡ್ತೀರಿ? ಹಾಸನದಲ್ಲೂ ಇದೇ ಕಥೆ. ಕಟ್ ಹೇಗಿದೆ, ಅಂದರೆ ಕಲ್ಲಿನ ಮುಖಗಳನ್ನು ಯಾವ ಕೋನಕ್ಕೆ, ಯಾವ ಅಳತೆಗೆ ಉಜ್ಜಿದ್ದಾರೆ ಅಂತ ಕೇಳುವವರು ತೀರಾ ಕಮ್ಮಿ. ಆದರೆ ಕಲ್ಲು ಥಳಥಳ ಹೊಳೆಯುತ್ತದೋ ಸಪ್ಪಗೆ ಕೂರುತ್ತದೋ ಅನ್ನುವುದು ಮುಖ್ಯವಾಗಿ ನಿಂತಿರುವುದು ಕಟ್ ಮೇಲೆ. ಕಲರ್ ಒಂದು ಮೆಟ್ಟಿಲು ಕೆಳಗಿದ್ದರೆ ಹಾಕಿಕೊಂಡವರಿಗೇ ಗೊತ್ತಾಗುವುದಿಲ್ಲ. ಕಟ್ ಕೆಟ್ಟಿದ್ದರೆ ಛತ್ರದಲ್ಲಿ ಎದುರಿನ ಪಂಕ್ತಿಯಲ್ಲಿ ಕೂತವರಿಗೂ ಗೊತ್ತಾಗುತ್ತದೆ, ಏನು ಕೆಟ್ಟಿದೆ ಅಂತ ಹೇಳೋಕೆ ಬರಲ್ಲ ಅಷ್ಟೇ.

ಹಾಗಾಗಿ ನನ್ನ ಸಲಹೆ ಇದು. ಬಜೆಟ್ ಎಷ್ಟೇ ಇರಲಿ, ಮೊದಲು ಕಟ್‌ಗೆ ದುಡ್ಡು ಇಡಿ, ಉಳಿದದ್ದರಲ್ಲಿ ತೂಕ, ಕಲರ್, ಕ್ಲ್ಯಾರಿಟಿ (ಒಳಗೆ ಚುಕ್ಕೆ ಎಷ್ಟು ಕಮ್ಮಿ ಅನ್ನುವುದು) ಹೊಂದಿಸಿಕೊಳ್ಳಿ. ಲ್ಯಾಬ್ ಕೊಡುವ ಸರ್ಟಿಫಿಕೇಟಿನ ಅಂಕಿಗಳಿಂದ ಬೇಡದ ಕಲ್ಲನ್ನು ಬದಿಗಿಡಿ. ಉಳಿದ ಕಲ್ಲುಗಳಲ್ಲಿ ಒಂದನ್ನು ಆರಿಸುವುದು ಮಾತ್ರ ಕಣ್ಣಿನಿಂದ, ಅದೂ ಅಂಗಡಿಯ ಸ್ಪಾಟ್‌ಲೈಟ್ ಬೀಳದ ಜಾಗದಲ್ಲಿ.

ಬೆಳಕು ಒಳಗೆ ಹೋಗಿ ಏನಾಗುತ್ತದೆ

ರೌಂಡ್ ಕಲ್ಲಿನಲ್ಲಿ 57 ಮುಖಗಳನ್ನು ಉಜ್ಜಿರುತ್ತಾರೆ. ತೀರಾ ಕೆಳಗಿನ ಚೂಪನ್ನೂ ಒಂಚೂರು ಉಜ್ಜಿದ್ದರೆ 58. ಮೇಲಿನ ದೊಡ್ಡ ಚಪ್ಪಟೆ ಮುಖ ಟೇಬಲ್, ಅದರ ಸುತ್ತ ಇಳಿಜಾರಾಗಿರುವ ಭಾಗ ಕ್ರೌನ್, ನಡುವಿನ ಅಂಚು ಗರ್ಡಲ್, ಕೆಳಗೆ ಚೂಪಾಗುತ್ತಾ ಹೋಗುವುದು ಪೆವಿಲಿಯನ್. ಈ ನಾಲ್ಕು ಹೆಸರು ಗೊತ್ತಿದ್ದರೆ ಸಾಕು, ಸರ್ಟಿಫಿಕೇಟ್ ಓದಬಹುದು.

ಒಳ್ಳೆಯ ಕಟ್‌ನಲ್ಲಿ ಮೇಲಿಂದ ಬಿದ್ದ ಬೆಳಕು ಪೆವಿಲಿಯನ್‌ನ ಒಂದು ಬದಿಗೆ ತಾಗಿ, ಇನ್ನೊಂದು ಬದಿಗೆ ಹಾರಿ, ವಾಪಸ್ ಮೇಲಕ್ಕೇ ಬಂದು ನಮ್ಮ ಕಣ್ಣಿಗೆ ಬೀಳುತ್ತದೆ. ವಜ್ರದೊಳಗೆ ಬೆಳಕು ಸುಮಾರು 24.4 ಡಿಗ್ರಿಗಿಂತ ಓರೆಯಾಗಿ ಮುಖಕ್ಕೆ ತಾಗಿದರೆ ಹೊರಗೆ ಹೋಗೋಕಾಗದೆ ಒಳಕ್ಕೇ ತಿರುಗುತ್ತದೆ. ಅದಕ್ಕಿಂತ ನೇರವಾಗಿ ತಾಗಿದರೆ ಹೊರಗೆ ಸೋರಿಹೋಗುತ್ತದೆ. ಕಟ್ ಮಾಡುವವರ ಕಷ್ಟವೆಲ್ಲಾ ಇರುವುದು ಇಲ್ಲೇ. ಪೆವಿಲಿಯನ್ ಜಾಸ್ತಿ ಆಳವಾದರೆ ಬೆಳಕು ಎರಡನೇ ಬದಿಯಿಂದ ಸೋರುತ್ತದೆ, ಕಲ್ಲಿನ ನಡುವೆ ಕಪ್ಪಾಗಿ ಕಾಣುತ್ತದೆ. ತೀರಾ ಚಪ್ಪಟೆಯಾದರೆ ಟೇಬಲ್ ಒಳಗೆ ಗರ್ಡಲ್ಲಿನ ನೆರಳು ಬೂದು ಬಣ್ಣದ ಉಂಗುರದ ಹಾಗೆ ಕಾಣುತ್ತದೆ, ಇದಕ್ಕೆ ಫಿಶ್ ಐ ಅಂತಾರೆ. ಎರಡರಲ್ಲಿ ಯಾವುದು ಕಂಡರೂ ಆ ಕಲ್ಲು ಬೇಡ, ಚೌಕಾಸಿಯೂ ಬೇಡ.

ಈ ಲೆಕ್ಕವನ್ನು ಮಾರ್ಸೆಲ್ ಟೋಲ್ಕೋವ್‌ಸ್ಕಿ ಅನ್ನುವವರು 1919ರಲ್ಲೇ ಕೂತು ಮಾಡಿದ್ದರು. ಟೇಬಲ್ ಕಲ್ಲಿನ ಅಗಲದ 53 ಪರ್ಸೆಂಟ್, ಕ್ರೌನ್ 34.5 ಡಿಗ್ರಿ, ಪೆವಿಲಿಯನ್ 40.75 ಡಿಗ್ರಿ. ನೂರು ವರ್ಷ ಕಳೆದರೂ ಒಳ್ಳೆಯ ರೌಂಡ್ ಕಲ್ಲುಗಳು ಇದರ ಆಸುಪಾಸಿನಲ್ಲೇ ಸುತ್ತುತ್ತಿವೆ.

ತೂಕ ಎಲ್ಲಿ ಅಡಗಿದೆ?

ವಜ್ರವನ್ನು ತೂಕದ ಮೇಲೆ ಮಾರುತ್ತಾರೆ. 1 ಕ್ಯಾರೆಟ್ ಅಂದರೆ 0.2 ಗ್ರಾಂ, ಅದರಲ್ಲಿ ನೂರು ಸೆಂಟು. ಜಗತ್ತಿನ ಬಹುಪಾಲು ವಜ್ರ ಕಟ್ ಆಗುವುದು ಸೂರತ್‌ನಲ್ಲಿ. ಅಲ್ಲಿ ಒರಟು ಕಲ್ಲನ್ನು ರೌಂಡ್ ಮಾಡುವಾಗ ಅರ್ಧಕ್ಕಿಂತ ಜಾಸ್ತಿ ತೂಕ ಪುಡಿಯಾಗಿ ಹೋಗುವುದೂ ಉಂಟು. ಸರಿಯಾದ ಕೋನಕ್ಕೆ ಉಜ್ಜಿದರೆ ಕಲ್ಲು 47 ಸೆಂಟಿಗೆ ಬರುತ್ತದೆ, ಸ್ವಲ್ಪ ದಪ್ಪ ಬಿಟ್ಟರೆ 50 ದಾಟುತ್ತದೆ ಅಂದುಕೊಳ್ಳಿ. 50 ದಾಟಿದರೆ ಕ್ಯಾರೆಟ್ ಲೆಕ್ಕದ ರೇಟೇ ಮೇಲಕ್ಕೆ ಹೋಗುತ್ತದೆ. ಕಟ್ ಮಾಡುವವರು ಯಾವುದನ್ನು ಮಾಡುತ್ತಾರೆ? ಬಿಡಿಸಿ ಹೇಳಬೇಕಿಲ್ಲ ಅಲ್ವಾ.

ಕಾಫಿ ಮಾರಿದವರಿಗೆ ಇದು ಬೇಗ ಹೊಳೆಯುತ್ತದೆ. ಚೆರಿ ಮೂಟೆ ಎಲ್ಲರದ್ದೂ 50 ಕೆಜಿಯೇ, ಆದರೆ ರೇಟು ನಿಲ್ಲುವುದು ಓಟಿ ಮೇಲೆ, ಅಂದರೆ ಸಿಪ್ಪೆ ತೆಗೆದ ಮೇಲೆ ಸಿಗುವ ಬೀಜದ ತೂಕದ ಮೇಲೆ. ಸಿಪ್ಪೆಯ ತೂಕಕ್ಕೆ ಯಾವ ವ್ಯಾಪಾರಿಯೂ ದುಡ್ಡು ಕೊಡುವುದಿಲ್ಲ. ಕಲ್ಲಿನ ಹೊಟ್ಟೆಯಲ್ಲಿ, ದಪ್ಪ ಗರ್ಡಲ್ಲಿನಲ್ಲಿ ಕೂತಿರುವ ತೂಕಕ್ಕೆ ಮಾತ್ರ ನಾವು ಪೂರ್ತಿ ದುಡ್ಡು ಕೊಟ್ಟು ಬರುತ್ತೇವೆ.

ಇದನ್ನು ಹಿಡಿಯೋಕೆ ದೊಡ್ಡ ವಿದ್ಯೆ ಬೇಡ, ಸರ್ಟಿಫಿಕೇಟಿನ ಮೆಷರ್‌ಮೆಂಟ್ಸ್ ಸಾಲು ನೋಡಿ. ಮೂರು ಅಂಕಿ ಇರುತ್ತದೆ. ಮೊದಲೆರಡು ಅಗಲ, ಮೂರನೆಯದು ಎತ್ತರ, ಎಲ್ಲಾ ಮಿ.ಮೀ. ಲೆಕ್ಕ. ಒಂದು ಕಲ್ಲಿಗೆ 5.12, 5.15, 3.16 ಅಂತ ಇದೆ ಅಂದುಕೊಳ್ಳಿ. ಅಗಲದ ಸರಾಸರಿ 5.135. ಎತ್ತರವನ್ನು ಅದರಿಂದ ಭಾಗಿಸಿದರೆ 61.5 ಪರ್ಸೆಂಟ್. ಇದು ಒಳ್ಳೆಯ ಡೆಪ್ತ್. ಪಕ್ಕದಲ್ಲಿ ಹೆಚ್ಚುಕಮ್ಮಿ ಅಷ್ಟೇ ಸೆಂಟಿನ ಇನ್ನೊಂದು ಕಲ್ಲಿಗೆ 4.92, 4.95, 3.25 ಅಂತ ಇದ್ದರೆ ಡೆಪ್ತ್ 66ರ ಹತ್ತಿರ ಹೋಯಿತು. ತಕ್ಕಡಿಯಲ್ಲಿ ಎರಡೂ ಒಂದೇ. ಬೆರಳ ಮೇಲೆ ಎರಡನೆಯದರ ಮುಖ ಸುಮಾರು 8 ಪರ್ಸೆಂಟ್ ಚಿಕ್ಕದು, ಜೊತೆಗೆ ಹೊಳಪೂ ಕಮ್ಮಿ.

ಒರಟಾಗಿ ನೆನಪಿಡಬೇಕಾದ ಅಳತೆ ಹೇಳುತ್ತೇನೆ. ಸರಿಯಾಗಿ ಕಟ್ ಆದ ರೌಂಡ್ ಕಲ್ಲು 10 ಸೆಂಟಿಗೆ 3 ಮಿ.ಮೀ., 30 ಸೆಂಟಿಗೆ 4.3 ಮಿ.ಮೀ., 50 ಸೆಂಟಿಗೆ 5.1 ಮಿ.ಮೀ., 1 ಕ್ಯಾರೆಟ್ಟಿಗೆ 6.4ರಿಂದ 6.5 ಮಿ.ಮೀ. ಅಗಲ ಇರಬೇಕು. ತೀರಾ ಕಮ್ಮಿ ಇದ್ದರೆ ತೂಕ ಹೊಟ್ಟೆಯಲ್ಲಿದೆ. ಜಾಸ್ತಿ ಇದ್ದರೂ ಹಿಗ್ಗಬೇಡಿ, ಕಲ್ಲು ಚಪ್ಪಟೆಯಾಗಿರಬಹುದು, ಫಿಶ್ ಐ ಇದೆಯಾ ನೋಡಿ. ಇದೇ ಕಾರಣಕ್ಕೆ 50 ಸೆಂಟೇ ಬೇಕು ಅಂತ ಹಟ ಹಿಡಿಯುವುದಕ್ಕಿಂತ 47, 48 ಸೆಂಟಿನ ಒಳ್ಳೆಯ ಕಟ್ ಕೇಳುವುದು ಜಾಣತನ. ಕಣ್ಣಿಗೆ ವ್ಯತ್ಯಾಸ ಗೊತ್ತಾಗಲ್ಲ, ಬಿಲ್ಲಿನಲ್ಲಿ ಗೊತ್ತಾಗುತ್ತದೆ.

ಎಕ್ಸಲೆಂಟ್ ಅಂತ ಬರೆದಿದ್ದರೆ ಮುಗೀತಾ?

ಇಲ್ಲ. ವಜ್ರ ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುವ ಜಿಐಎ ಲ್ಯಾಬ್ ರೌಂಡ್ ಕಲ್ಲುಗಳಿಗೆ ಕಟ್ ಗ್ರೇಡ್ ಕೊಡೋಕೆ ಶುರು ಮಾಡಿದ್ದು 2006ರಲ್ಲಿ. ಎಕ್ಸಲೆಂಟ್, ವೆರಿ ಗುಡ್, ಗುಡ್, ಫೇರ್, ಪೂರ್ ಅಂತ ಐದು ಮೆಟ್ಟಿಲು. ನಮ್ಮ ಕಡೆ ಅಂಗಡಿಗಳಲ್ಲಿ ಐಜಿಐ ಅನ್ನುವ ಇನ್ನೊಂದು ಲ್ಯಾಬ್‌ನ ಸರ್ಟಿಫಿಕೇಟೂ ಬೇಕಾದಷ್ಟು ಸಿಗುತ್ತದೆ, ಅದರಲ್ಲಿ ಎಕ್ಸಲೆಂಟ್ ಮೇಲೆ ಐಡಿಯಲ್ ಅಂತಲೂ ಬರೆಯುತ್ತಾರೆ. ವೆರಿ ಗುಡ್‌ಗಿಂತ ಕೆಳಗೆ ಇಳಿಯಲೇಬೇಡಿ. ಆದರೆ ಎಕ್ಸಲೆಂಟ್ ಅನ್ನುವುದು ತುಂಬಾ ಅಗಲವಾದ ಜಾಗ. ಜಿಐಎ ಲೆಕ್ಕದಲ್ಲಿ ಕ್ರೌನ್ ಕೋನ 31.5ರಿಂದ 36.5 ಡಿಗ್ರಿವರೆಗೆ, ಪೆವಿಲಿಯನ್ 40.6ರಿಂದ 41.8ರವರೆಗೆ ಎಕ್ಸಲೆಂಟ್ ಒಳಗೇ ಬರಬಹುದು. ಅಂಚಿನಲ್ಲಿ ನಿಂತ ಕಲ್ಲಿಗೂ ನಡುವಿನ ಕಲ್ಲಿಗೂ ಒಂದೇ ಹೆಸರು, ಹೊಳಪು ಬೇರೆ.

ನಾನು ನೋಡುವ ಅಂಕಿಗಳು ಇವು: ಟೇಬಲ್ 54ರಿಂದ 58, ಡೆಪ್ತ್ 60ರಿಂದ 62.5, ಕ್ರೌನ್ 34ರಿಂದ 35, ಪೆವಿಲಿಯನ್ 40.6ರಿಂದ 41. ಇದರಲ್ಲೂ ಒಂದು ಸೂಕ್ಷ್ಮ ಇದೆ, ಕ್ರೌನ್ ಮತ್ತು ಪೆವಿಲಿಯನ್ ಎರಡನ್ನೂ ಜೋಡಿಯಾಗಿ ನೋಡಬೇಕು. ಒಂದು ಏರಿದರೆ ಇನ್ನೊಂದು ಇಳಿಯಬೇಕು. ಕ್ರೌನ್ 35 ಇದ್ದರೆ ಪೆವಿಲಿಯನ್ 40.6 ಚೆನ್ನಾಗಿ ಹೊಂದುತ್ತದೆ, ಕ್ರೌನ್ 34 ಇದ್ದರೆ ಪೆವಿಲಿಯನ್ 41 ನಡೆಯುತ್ತದೆ. ಕ್ರೌನ್ 36, ಪೆವಿಲಿಯನ್ 41.6 ಅಂತ ಎರಡೂ ಮೇಲಕ್ಕೆ ಹೋಗಿದ್ದರೆ ಸರ್ಟಿಫಿಕೇಟ್ ಏನೇ ಹೇಳಲಿ, ಟೇಬಲ್ಲಿನ ಅಂಚಿನ ಕೆಳಗೆ ಬೆಳಕು ಸೋರಿ ಮಸುಕಾದ ಸುತ್ತು ಕಾಣುತ್ತದೆ. ಅಂಗಡಿಯವರು ಅಂಚಿನಲ್ಲಿ ನಿಂತ ಕಲ್ಲನ್ನೂ ಟ್ರಿಪಲ್ ಎಕ್ಸಲೆಂಟ್ ಅಂತಲೇ ಕೊಡುವುದುಂಟು. ಅದೂ ಸುಳ್ಳಲ್ಲ, ಕಟ್, ಪಾಲಿಶ್, ಸಿಮೆಟ್ರಿ (ಮುಖಗಳೆಲ್ಲಾ ಸಮವಾಗಿರುವುದು) ಮೂರಕ್ಕೂ ಎಕ್ಸಲೆಂಟ್ ಬಂದಿದೆ ಅಂತ ಅರ್ಥ ಅಷ್ಟೇ.

ಇನ್ನೊಂದು ವಿಷಯ. ಜಿಐಎ ರಿಪೋರ್ಟಿನ ಕೋನಗಳು ಸರಾಸರಿ, ಅದರ ಮೇಲೆ ಕ್ರೌನನ್ನು ಅರ್ಧ ಡಿಗ್ರಿಗೆ, ಪೆವಿಲಿಯನ್ನನ್ನು 0.2 ಡಿಗ್ರಿಗೆ ರೌಂಡ್ ಮಾಡಿರುತ್ತಾರೆ. ಹಾಗಾಗಿ 34.5 ಮತ್ತು 40.8 ಅಂತ ಎರಡು ಕಲ್ಲಿಗೆ ಒಂದೇ ಅಂಕಿ ಇದ್ದರೂ ಎರಡೂ ಒಂದೇ ಥರ ಹೊಳೆಯಬೇಕು ಅಂತೇನಿಲ್ಲ. ಕೊನೆಯ ಮಾತು ಕಣ್ಣಿನದು ಅಂದದ್ದು ಇದಕ್ಕೇ.

ಗರ್ಡಲ್ ಥಿನ್‌ನಿಂದ ಸ್ಲೈಟ್ಲಿ ಥಿಕ್‌ವರೆಗೆ ಇದ್ದರೆ ಸರಿ. ಎಕ್ಸ್‌ಟ್ರೀಮ್ಲಿ ಥಿನ್ ಇದ್ದರೆ ಒಡವೆಗೆ ಕಟ್ಟುವಾಗಲೋ ಎಲ್ಲಾದರೂ ತಾಗಿದಾಗಲೋ ಅಂಚು ಒಡೆಯಬಹುದು. ವೆರಿ ಥಿಕ್ ಅಂದರೆ ಸಿಪ್ಪೆಯ ತೂಕ. ಕ್ಯುಲೆಟ್ (ತೀರಾ ಕೆಳಗಿನ ಚೂಪನ್ನು ಉಜ್ಜಿದ ಮುಖ) ಅನ್ನುವ ಕಡೆ ನನ್, ಅಂದರೆ ಇಲ್ಲ, ಅಂತ ಇರಲಿ.

ಅಂಗಡಿಯಲ್ಲಿ ಏನು ಮಾಡಬೇಕು

ಒಡವೆ ಅಂಗಡಿಯ ಚಾವಣಿಯಲ್ಲಿ ಆ ಪುಟ್ಟ ಪುಟ್ಟ ಸ್ಪಾಟ್‌ಲೈಟ್‌ಗಳನ್ನು ಸುಮ್ನೆ ಹಾಕಿರುವುದಿಲ್ಲ. ಚಿಕ್ಕ ಚಿಕ್ಕ ಬೆಳಕಿನ ಚುಕ್ಕೆಗಳು ಜಾಸ್ತಿ ಇದ್ದಷ್ಟೂ ಎಂಥಾ ಕಲ್ಲಾದರೂ ಬಣ್ಣಬಣ್ಣದ ಕಿಡಿ ಹಾರಿಸುತ್ತದೆ. ಫೋನಿನ ಟಾರ್ಚ್ ಬಿಟ್ಟು ತೋರಿಸುತ್ತಾರಲ್ಲ, ಅದೂ ಇದೇ ಆಟ. ಅಲ್ಲಿ ನೋಡಿ ಮೆಚ್ಚಿದರೆ ನೀವು ಲೈಟನ್ನು ಮೆಚ್ಚಿದ ಹಾಗೆ.

ಒಂದೇ ತೂಕದ, ಬೇರೆ ಬೇರೆ ಕಟ್‌ನ ಎರಡೋ ಮೂರೋ ಬಿಡಿ ಕಲ್ಲು ತರಿಸಿ. ಒಂದೇ ಕಲ್ಲು ನೋಡಿದರೆ ಯಾವುದೂ ಚೆನ್ನಾಗೇ ಕಾಣುತ್ತದೆ. ಬಟ್ಟೆಯಲ್ಲಿ ಒರೆಸಿಕೊಡಿ ಅನ್ನಿ, ಬೆರಳಿನ ಜಿಡ್ಡು ತಾಗಿದರೆ ಒಳ್ಳೆಯ ಕಲ್ಲೂ ಮಂಕಾಗುತ್ತದೆ. ಬಿಳಿ ಕಾಗದವನ್ನು ವಿ ಆಕಾರಕ್ಕೆ ಮಡಚಿ, ಆ ಮಡಿಕೆಯಲ್ಲಿ ಕಲ್ಲುಗಳನ್ನು ಸಾಲಾಗಿ ಇಟ್ಟುಕೊಂಡು ಬಾಗಿಲ ಹತ್ತಿರ, ಬಿಸಿಲು ನೇರ ಬೀಳದ ಕಡೆ ಹೋಗಿ. ಅಂಗಡಿ ಹುಡುಗ ಜೊತೆಗೇ ಬರುತ್ತಾನೆ, ಬರಲಿ, ಅದು ಅವನ ಕೆಲಸ. ಬಾಗಿಲವರೆಗೆ ಕಲ್ಲು ತರೋಕೆ ಒಪ್ಪದ ಅಂಗಡಿಯಲ್ಲಿ ನಾನಂತೂ ದೊಡ್ಡ ಕಲ್ಲು ತೆಗೆದುಕೊಳ್ಳುವುದಿಲ್ಲ.

ಇದಕ್ಕೆ ನಮ್ಮ ಮಳೆಗಾಲದಷ್ಟು ಒಳ್ಳೆಯ ಬೆಳಕು ಬೇರೆ ಇಲ್ಲ. ಜುಲೈನಲ್ಲಿ ಮುಳ್ಳಯ್ಯನಗಿರಿ ಕಡೆಯಿಂದ ಮೋಡ ಇಳಿದು ಊರೆಲ್ಲಾ ಬೂದಿ ಬಣ್ಣವಾಗಿರುತ್ತದಲ್ಲ, ಆ ಬೆಳಕಿನಲ್ಲಿ ಕೆಟ್ಟ ಕಟ್‌ಗೆ ಅಡಗಿಕೊಳ್ಳೋಕೆ ಜಾಗವೇ ಇರಲ್ಲ. ಒಳ್ಳೆಯ ಕಲ್ಲು ಆಗಲೂ ಅಂಚಿನಿಂದ ಅಂಚಿಗೆ ಬೆಳ್ಳಗೆ ತುಂಬಿಕೊಂಡಿರುತ್ತದೆ, ಸೋರುವ ಕಲ್ಲಿನ ನಡುವೆಯೋ ಅಂಚಿನಲ್ಲೋ ಸತ್ತ ಬೂದು ಜಾಗ ಕಾಣುತ್ತದೆ. ಆಷಾಢದಲ್ಲಿ ಒಡವೆ ತಗೋಬಾರದು ಅಂತಾರೆ, ಸರಿ, ನೋಡಿಕೊಂಡು ಬರೋಕೆ ಯಾರೂ ಬೇಡ ಅಂದಿಲ್ಲ. ಅಂಗಡಿಯೂ ಖಾಲಿ ಇರುತ್ತದೆ, ಸಮಾಧಾನವಾಗಿ ತೋರಿಸುತ್ತಾರೆ.

ಕಲ್ಲನ್ನು ಕಣ್ಣಿನಿಂದ ಒಂದು ಅಡಿ ದೂರ ಹಿಡಿದು ನಿಧಾನವಾಗಿ ಆಚೆ ಈಚೆ ವಾಲಿಸಿ. ಬಿಳಿ ಹೊಳಪು ಮತ್ತು ಕಪ್ಪು ಗೆರೆಗಳು ಜಾಗ ಬದಲಿಸುತ್ತಾ ಮಿಣುಕಬೇಕು. ನೇರವಾಗಿ ನೋಡಿದಾಗ ನಡುವಿನಿಂದ ಎಂಟು ಸಣ್ಣ ಬಾಣಗಳು ಸಮವಾಗಿ ಹೊರಟ ಹಾಗೆ ಕಂಡರೆ ಸಿಮೆಟ್ರಿ ಚೆನ್ನಾಗಿದೆ. ಆ ಬಾಣಗಳು ಕಪ್ಪಾಗಿ ಕಾಣುವುದು ನಿಮ್ಮ ತಲೆಯೇ ಬೆಳಕಿಗೆ ಅಡ್ಡ ಬಂದಿರುವುದರಿಂದ, ಅದನ್ನು ದೋಷ ಅಂದುಕೊಳ್ಳಬೇಡಿ. ವಾಲಿಸಿದ ತಕ್ಷಣ ಕಪ್ಪು ಬೆಳ್ಳಗಾದರೆ ಸರಿ. ವಾಲಿಸಿದರೂ ಅದೇ ಜಾಗದಲ್ಲಿ ಕತ್ತಲು ಕೂತಿದ್ದರೆ ಬೆಳಕು ಸೋರುತ್ತಿದೆ. ಆಮೇಲೆ ಕಲ್ಲನ್ನು ಎರಡು ಬೆರಳಿನ ಸಂದಿಯಲ್ಲಿ ಇಟ್ಟು ನೋಡಿ. ಟೇಬಲ್ ಮೂಲಕ ನಿಮ್ಮ ಚರ್ಮದ ಬಣ್ಣ ಕಂಡರೆ ಅದೂ ಸೋರಿಕೆಯೇ.

ನೇರ ಬಿಸಿಲಿನಲ್ಲಿ ಮಾತ್ರ ತೀರ್ಮಾನ ಮಾಡಬೇಡಿ. ಒಳ್ಳೆಯ ವಜ್ರ ಬಿಸಿಲಿಗೆ ಹಿಡಿದರೆ ಕಪ್ಪಾಗಿ ಕಂಡು ನಡುನಡುವೆ ಬಣ್ಣದ ಕಿಡಿ ಹಾರಿಸುತ್ತದೆ. ಅದನ್ನು ನೋಡಿ ಹೆದರಿ ಕಲ್ಲು ವಾಪಸ್ ಕೊಟ್ಟವರಿದ್ದಾರೆ. ಕೊನೆಗೆ ಸಾಧಾರಣ ಟ್ಯೂಬ್‌ಲೈಟ್ ಕೆಳಗೂ ಒಮ್ಮೆ ನೋಡಿ, ನಮ್ಮ ಮನೆ, ಛತ್ರ, ಆಫೀಸು ಎಲ್ಲಾ ಕಡೆ ಇರುವ ಬೆಳಕು ಹೆಚ್ಚುಕಮ್ಮಿ ಅದೇ ತಾನೇ.

ಕಣ್ಣಿಗೆ ಇಟ್ಟು ನೋಡುವ, 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಕೇಳಿದರೆ ಕೊಡುತ್ತಾರೆ. ಅದರಲ್ಲಿ ಎಲ್ಲರೂ ಹುಡುಕುವುದು ಚುಕ್ಕೆಯನ್ನು. ಕಪ್ಪು ಚುಕ್ಕೆ ಇದ್ದರೆ ಮನೆಗೆ ಆಗಿಬರಲ್ಲ ಅನ್ನುವ ನಂಬಿಕೆ ನಮ್ಮಲ್ಲಿ ಗಟ್ಟಿ, ಅದರ ಬಗ್ಗೆ ನಾನು ಜಗಳ ಆಡುವುದಿಲ್ಲ. ಆದರೆ ಲೂಪ್ ಹಿಡಿದ ಕೈಯಲ್ಲೇ ಮುಖಗಳ ತುದಿಗಳು ಒಂದಕ್ಕೊಂದು ಸರಿಯಾಗಿ ಕೂಡುತ್ತವಾ, ಟೇಬಲ್ ನಡುವೆ ಕೂತಿದೆಯಾ ಒಂದು ಬದಿಗೆ ಜರುಗಿದೆಯಾ, ಗರ್ಡಲ್ ಒಂದು ಕಡೆ ದಪ್ಪ ಇನ್ನೊಂದು ಕಡೆ ತೆಳು ಇದೆಯಾ ಅಂತಲೂ ನೋಡಿಬಿಡಿ.

ರೌಂಡ್ ಅಲ್ಲದ ಕಲ್ಲು

ಓವಲ್, ಪೇರ್, ಮಾರ್ಕೀಸ್ ಇವಕ್ಕೆ ಮೇಲಿನ ಅಂಕಿಗಳು ನಡೆಯುವುದಿಲ್ಲ. ಜಿಐಎ ಇವಕ್ಕೆ ಕಟ್ ಗ್ರೇಡೇ ಕೊಡುವುದಿಲ್ಲ, ಪಾಲಿಶ್ ಮತ್ತು ಸಿಮೆಟ್ರಿ ಮಾತ್ರ ಬರೆಯುತ್ತದೆ. ಇಲ್ಲಿ ಕಣ್ಣೇ ಗತಿ. ಕಲ್ಲಿನ ನಡುವೆ ಅಡ್ಡಲಾಗಿ ಬೋ ಟೈ ಆಕಾರದ ಕಪ್ಪು ನೆರಳು ಇದೆಯಾ ನೋಡಿ. ಸ್ವಲ್ಪ ಎಲ್ಲದರಲ್ಲೂ ಇರುತ್ತದೆ. ವಾಲಿಸಿದಾಗಲೂ ಹೋಗದಷ್ಟು ಗಟ್ಟಿಯಾಗಿದ್ದರೆ ಬಿಡಿ. ಚೂಪು ತುದಿ ಇರುವ ಕಲ್ಲಾದರೆ ಆ ತುದಿಗೆ ಚಿನ್ನದ ಕಾವಲು ಇರುವ ಹಾಗೆ ಕಟ್ಟಿಸಿ.

ಲ್ಯಾಬ್‌ನಲ್ಲಿ ಬೆಳೆಸಿದ ವಜ್ರಕ್ಕೂ ಇದೇ ನಿಯಮ. ಅದೂ ವಜ್ರವೇ, ಬೆಳಕು ಅದರಲ್ಲೂ ಇದೇ ಥರ ತಿರುಗುತ್ತದೆ. ಬೆಲೆ ಕಮ್ಮಿ ಇರುವುದರಿಂದ ಅದರಲ್ಲಿ ಸಾಧಾರಣ ಕಟ್‌ಗೆ ರಾಜಿಯಾಗಲು ಕಾರಣವೇ ಇಲ್ಲ.

ಮೂಗುಬೊಟ್ಟು, ಏಳು ಕಲ್ಲಿನ ಓಲೆ

ಅಂಕಿ ಸಂಖ್ಯೆ ಎಲ್ಲಾ ದೊಡ್ಡ ಕಲ್ಲಿಗೆ ಆಯಿತು. ನಮ್ಮ ಕಡೆ ಜಾಸ್ತಿ ಮಾರಾಟ ಆಗುವುದು ಮೂಗುಬೊಟ್ಟು ಮತ್ತು ಓಲೆ. ಇವುಗಳ ಸಣ್ಣ ಕಲ್ಲುಗಳಿಗೆ ಒಂದೊಂದಕ್ಕೂ ಬೇರೆ ಸರ್ಟಿಫಿಕೇಟ್ ಸಾಮಾನ್ಯವಾಗಿ ಇರುವುದಿಲ್ಲ, ಇದ್ದರೆ ಇಡೀ ಒಡವೆಗೆ ಒಂದು ಇರುತ್ತದೆ. ಇಲ್ಲಿ ಮೊದಲು ಕೇಳಬೇಕಾದ್ದು ಫುಲ್ ಕಟ್ಟಾ, ಸಿಂಗಲ್ ಕಟ್ಟಾ ಅಂತ. ಫುಲ್ ಕಟ್ ಅಂದರೆ ಪೂರ್ತಿ 57 ಮುಖ, ಸಿಂಗಲ್ ಕಟ್‌ನಲ್ಲಿ 17. ತೀರಾ ಸಣ್ಣ ಹರಳಿಗೆ ಸಿಂಗಲ್ ಕಟ್ ತಪ್ಪಲ್ಲ, ಆದರೆ ಐದು ಸೆಂಟಿನ ಮೂಗುಬೊಟ್ಟಿಗೆ ಫುಲ್ ಕಟ್ಟೇ ಕೇಳಿ.

ಏಳು ಕಲ್ಲಿನ ಬೆಂಡೋಲೆಯಲ್ಲಿ ಕಷ್ಟ ಬೇರೆ. ಎರಡು ಕಿವಿಗೆ ಸೇರಿ ಹದಿನಾಲ್ಕು ಕಲ್ಲು, ಹದಿನಾಲ್ಕೂ ಒಂದೇ ಥರ ಹೊಳೆಯಬೇಕು. ಹಳೆ ಪದ್ಧತಿಯಲ್ಲಿ ಹಿಂದೆ ಚಿನ್ನ ಮುಚ್ಚಿ ಕಟ್ಟುವುದರಿಂದ ಕಲ್ಲಿನ ಹೊಟ್ಟೆ ಕಾಣುವುದೇ ಇಲ್ಲ, ದಪ್ಪ ಎಷ್ಟು, ಗರ್ಡಲ್ ಹೇಗಿದೆ ಏನೂ ಗೊತ್ತಾಗಲ್ಲ. ಅದಕ್ಕೆ ಕಟ್ಟುವ ಮುಂಚೆ ಬಿಡಿ ಕಲ್ಲುಗಳನ್ನೇ ನೋಡಬೇಕು. ಹದಿನಾಲ್ಕನ್ನೂ ಬಿಳಿ ಕಾಗದದ ಮೇಲೆ ಮುಖ ಮೇಲೆ ಮಾಡಿ ಹರಡಿ, ಒಂದು ಹೆಜ್ಜೆ ಹಿಂದೆ ಸರಿದು ನಿಂತು ನೋಡಿ. ಹತ್ತಿರದಿಂದ ಎಲ್ಲಾ ಒಂದೇ ಅನ್ನಿಸಿದ್ದರಲ್ಲಿ ಒಂದೆರಡು ಮಂಕು ಕಲ್ಲು ದೂರದಿಂದ ತಟ್ಟನೆ ಎದ್ದು ಕಾಣುತ್ತವೆ. ಅವನ್ನು ಬದಲಿಸಿ ಕೊಡಿ ಅನ್ನಿ, ಸಂಕೋಚ ಬೇಡ. ನಡುವಿನ ಕಲ್ಲು ಮಾತ್ರ ಚೆನ್ನಾಗಿರುವುದನ್ನು ಹಾಕಿ ಸುತ್ತಲಿನ ಆರಕ್ಕೆ ಸಾಧಾರಣ ಕಲ್ಲು ಹಾಕುವುದೂ ಇದೆ, ಅದೂ ಹೀಗೇ ಸಿಕ್ಕಿಬೀಳುತ್ತದೆ.

ಹಿಂದೆ ಮುಚ್ಚಿದ ಓಲೆಗೆ ಇನ್ನೊಂದು ತೊಂದರೆ, ಎಣ್ಣೆ ಮತ್ತು ಸೋಪಿನ ನೀರು ನಿಧಾನವಾಗಿ ಕಲ್ಲಿನ ಹಿಂದೆ ಸೇರಿಕೊಂಡರೆ ಮನೆಯಲ್ಲಿ ತೊಳೆಯೋಕಾಗಲ್ಲ. ತೆರೆದು ಕಟ್ಟಿದ್ದನ್ನಾದರೆ ಉಗುರುಬೆಚ್ಚಗಿನ ನೀರು, ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್, ಮೆತ್ತನೆ ಬ್ರಷ್ ಸಾಕು. ಕಟ್ ಕೆಟ್ಟದ್ದು ಅಂತ ಬೈಸಿಕೊಳ್ಳುವ ಎಷ್ಟೋ ಓಲೆಗಳಿಗೆ ಬೇಕಾಗಿರುವುದು ಇಷ್ಟೇ.

ಅಜ್ಜಿ ಕಾಲದ ಓಲೆ ಇದ್ದರೆ ಈ ಅಂಕಿಗಳನ್ನು ಅದಕ್ಕೆ ಹಿಡಿಯಬೇಡಿ. ಹಳೆಯ ಕಟ್‌ನಲ್ಲಿ ಟೇಬಲ್ ಚಿಕ್ಕದು, ಕ್ರೌನ್ ಎತ್ತರ, ಕೆಳಗಿನ ಚೂಪನ್ನು ಅಗಲವಾಗಿ ಉಜ್ಜಿರುವುದರಿಂದ ಮೇಲಿಂದ ನೋಡಿದರೆ ನಡುವೆ ಪುಟ್ಟ ವೃತ್ತ ಕಾಣುತ್ತದೆ. ಅದರ ಹೊಳಪೇ ಬೇರೆ ಥರ, ದೊಡ್ಡ ದೊಡ್ಡ ಕಿಡಿ, ನಿಧಾನವಾದ ಮಿಣುಕು. ಹಳೇ ಕಟ್ ಅಂತ ಮೂಗು ಮುರಿದು ಕಮ್ಮಿ ಬೆಲೆಗೆ ಎಕ್ಸ್‌ಚೇಂಜ್ ಕೇಳಿದರೆ ಅವಸರ ಮಾಡಬೇಡಿ. ಹೊಸ ಥರ ಕಟ್ ಮಾಡಿಸಿದರೆ ತೂಕವೂ ಹೋಗುತ್ತದೆ, ಹೋದದ್ದು ವಾಪಸ್ ಬರಲ್ಲ.

ದುಡ್ಡು ಕೊಡುವ ಮುಂಚೆ

ಚಿನ್ನಕ್ಕೆ ಹಾಲ್‌ಮಾರ್ಕ್ ಮತ್ತು ಎಚ್‌ಯುಐಡಿ ಅನ್ನುವ ಆರು ಅಕ್ಷರ-ಅಂಕಿಗಳ ಗುರುತು ಇರುತ್ತದೆ, ಅದು ಚಿನ್ನದ ಬಗ್ಗೆ ಮಾತ್ರ ಹೇಳುತ್ತದೆ, ಕಲ್ಲಿನ ಬಗ್ಗೆ ಒಂದಕ್ಷರವೂ ಇಲ್ಲ. ಕಲ್ಲಿಗೆ ಲ್ಯಾಬ್ ರಿಪೋರ್ಟೇ ಆಧಾರ. ರಿಪೋರ್ಟ್ ನಂಬರನ್ನು ಲ್ಯಾಬ್‌ನ ವೆಬ್‌ಸೈಟಿನಲ್ಲಿ ಅಲ್ಲೇ ಕೂತು ಫೋನಿನಲ್ಲಿ ಹಾಕಿ ನೋಡಿ, ಅಂಕಿಗಳು ಕಾಗದದಲ್ಲಿ ಇದ್ದ ಹಾಗೇ ಇರಬೇಕು. ಗರ್ಡಲ್ ಮೇಲೆ ಲೇಸರ್‌ನಲ್ಲಿ ಬರೆದ ನಂಬರ್ ಇದ್ದರೆ ಲೂಪ್‌ನಲ್ಲಿ ತೋರಿಸೋಕೆ ಹೇಳಿ, ಮತ್ತು ಕಟ್ಟುವಾಗ ಆ ಬರಹ ಚಿನ್ನದ ಹಲ್ಲಿನ ಕೆಳಗೆ ಮುಚ್ಚಿಹೋಗಬಾರದು ಅಂತ ಮೊದಲೇ ತಿಳಿಸಿ. ಬಿಲ್ಲಿನಲ್ಲಿ ಚಿನ್ನದ ತೂಕ, ಕಲ್ಲಿನ ಸೆಂಟು, ಮಜೂರಿ, 3 ಪರ್ಸೆಂಟ್ ಜಿಎಸ್‌ಟಿ ಎಲ್ಲಾ ಬೇರೆ ಬೇರೆ ಸಾಲಿನಲ್ಲಿ ಇರಲಿ, ರಿಪೋರ್ಟ್ ನಂಬರೂ ಅದರಲ್ಲೇ ಬರೆಸಿ. ಒಡವೆ ತಯಾರಾಗಿ ಬಂದ ದಿನ ಡಬ್ಬಿ ಮುಚ್ಚಿ ಹೊರಡುವ ಮುಂಚೆ ಅದೇ ಬಾಗಿಲ ಬೆಳಕಿಗೆ ಹೋಗಿ ಕಲ್ಲನ್ನು ಇನ್ನೊಮ್ಮೆ ವಾಲಿಸಿ ನೋಡಿ, ಲೂಪ್‌ನಲ್ಲಿ ನಂಬರ್ ಓದಿಸಿಕೊಳ್ಳಿ, ಆಮೇಲೆ ಬಾಕಿ ದುಡ್ಡು ಕೊಡಿ.